ಅಜಂತವನ್ನು ಎಲ್ಲಿಂದ ಓದಬೇಕು?

ಹಳೆಯ ಸ್ಥಳಗಳ ಬಗ್ಗೆ ನಮ್ಮಲ್ಲಿ ಬರುವ ಪ್ರವಾಸ ಲೇಖನಗಳಲ್ಲಿ ಒಂದು ಮಾತು ತಪ್ಪದೆ ಇರುತ್ತದೆ: ಇಲ್ಲಿ ಕಲ್ಲುಗಳು ಮಾತಾಡುತ್ತವೆ. ಬೇಲೂರಾದರೂ ಅದೇ, ಹಂಪಿಯಾದರೂ ಅದೇ, ಅಜಂತವಾದರೂ ಅದೇ. ಅಂಥ ಲೇಖನವನ್ನು ಸ್ವಲ್ಪ ನಿಧಾನವಾಗಿ ಓದಿ ನೋಡಿ. ಮಾತಾಡುತ್ತಿರುವವರು ಗೈಡ್ ಎಂಬುದು ಗೊತ್ತಾಗುತ್ತದೆ. ಗೈಡ್ ಇಲ್ಲದ ಕಡೆ ಫಲಕ ಮಾತಾಡುತ್ತದೆ, ಫಲಕವಿಲ್ಲದ ಕಡೆ ಏಳನೇ ತರಗತಿಯ ಪಾಠ, ಅದೂ ಇಲ್ಲದಿದ್ದರೆ ಮೊಬೈಲಿನಲ್ಲಿ ಹುಡುಕಿ ತೆಗೆದ ನಾಲ್ಕು ಸಾಲು. ಕಲ್ಲು ಸುಮ್ಮನೆ ಇರುತ್ತದೆ. ಒಂದು ಪಠ್ಯವನ್ನು ಅದರ ವ್ಯಾಖ್ಯಾನಗಳಿಂದ ಬಿಡಿಸಿಕೊಂಡು ಓದಲು ಸಾಧ್ಯವೇ ಎಂಬುದು ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಹಳೆಯ ಪ್ರಶ್ನೆ. ಪುರಾತತ್ವದ ಸ್ಥಳಕ್ಕೆ ಯಾವ ಗುಂಪೂ ಇಲ್ಲದೆ, ಯಾವ ಪ್ಯಾಕೇಜೂ ಇಲ್ಲದೆ ಹೋದವರಿಗೆ ಅದೇ ಪ್ರಶ್ನೆ ಬಿಸಿಲಲ್ಲಿ, ಬೆವರಿನಲ್ಲಿ, ಸಮಯದ ಒತ್ತಡದಲ್ಲಿ ಎದುರಾಗುತ್ತದೆ.

ಕಥನಕ್ರಮದ ಬಗ್ಗೆ ಸಂಶೋಧನೆ ಮಾಡುತ್ತಿರುವ ನನಗೆ ಅಜಂತ ಮುಖ್ಯವಾದದ್ದು ಈ ಕಾರಣಕ್ಕೆ. ಅಲ್ಲಿನ ಗೋಡೆಗಳ ಮೇಲಿರುವುದು ಬಹುಪಾಲು ಕಥೆ. ಬುದ್ಧನ ಹಿಂದಿನ ಜನ್ಮಗಳ ಜಾತಕ ಕಥೆಗಳು, ಅವದಾನಗಳು, ಬುದ್ಧನ ಜೀವನದ ಘಟನೆಗಳು. ಅವನ್ನು ಸುಂದರ ಚಿತ್ರಗಳೆಂದು ನೋಡುವವರು ಬಹಳ, ಕಥೆಗಳೆಂದು ಓದುವವರು ಕಡಿಮೆ. ಹೀಗೇಕಾಯಿತು, ಇದರಿಂದ ಕನ್ನಡದ ಓದುಗರಾದ ನಾವು ಏನನ್ನು ಕಳೆದುಕೊಂಡಿದ್ದೇವೆ ಎಂಬುದನ್ನು ಈ ಬರಹದಲ್ಲಿ ಯೋಚಿಸಲು ಪ್ರಯತ್ನಿಸುತ್ತೇನೆ.

ಸಂಖ್ಯೆಗಳು ಹಾಕಿದ ದಾರಿ

ಒಬ್ಬರೇ ಹೋಗುವವರಿಗೆ ದಾರಿ ಕಷ್ಟದ್ದೇನಲ್ಲ. ಈಗ ಛತ್ರಪತಿ ಸಂಭಾಜಿನಗರ ಎಂದು ಹೆಸರಾಗಿರುವ ಔರಂಗಾಬಾದಿನಿಂದ ಜಳಗಾಂವ್ ಕಡೆಗೆ ಹೋಗುವ ಸರ್ಕಾರಿ ಬಸ್ಸು ಹತ್ತಿದರೆ ಸುಮಾರು 100 ಕಿಲೋಮೀಟರು. ಫರ್ದಾಪುರದ ಹತ್ತಿರದ ಕೂಡುರಸ್ತೆಯಲ್ಲಿ ಇಳಿಯಬೇಕು. ಅಲ್ಲಿಂದ ಗುಹೆಗಳ ಬುಡಕ್ಕೆ ಬೇರೆ ಬಸ್ಸು. ಸೋಮವಾರ ರಜೆ ಎಂಬುದು ನೆನಪಿದ್ದರೆ ಸಾಕು. ವಾಘೋರಾ ಎಂಬ ಸಣ್ಣ ಹೊಳೆ ಕುದುರೆಲಾಳದ ಹಾಗೆ ತಿರುಗಿರುವ ಕಡೆ, ಬಂಡೆಯ ಮೈಯಲ್ಲಿ ಸಾಲಾಗಿ 30 ಗುಹೆಗಳು.

ಮೆಟ್ಟಿಲು ಹತ್ತಿದ ಕೂಡಲೇ ಎದುರಾಗುವುದು ಒಂದನೇ ಗುಹೆ. ಒಂದು ಇದ್ದ ಮೇಲೆ ಎರಡು, ಎರಡಾದ ಮೇಲೆ ಮೂರು. ಎಲ್ಲರೂ ಹಾಗೆಯೇ ನಡೆಯುತ್ತಾರೆ, 26ನೆಯದನ್ನು ಮುಟ್ಟಿ ಹಿಂದಿರುಗುತ್ತಾರೆ. ಈ ಸಂಖ್ಯೆಗಳು ಗುಹೆ ಕೊರೆದವರು ಕೊಟ್ಟವಲ್ಲ, ಅವುಗಳಿಗೆ ಕಾಲಕ್ರಮದ ಸಂಬಂಧವೂ ಇಲ್ಲ. 19ನೇ ಶತಮಾನದ ವಿದ್ವಾಂಸರು ಗುರುತಿಗಾಗಿ ಒಂದು ತುದಿಯಿಂದ ಇನ್ನೊಂದು ತುದಿಗೆ ಎಣಿಸಿ ಇಟ್ಟದ್ದು. ಎಲ್ಲಕ್ಕಿಂತ ಹಳೆಯ ಗುಹೆಗಳು ಸಾಲಿನ ನಡುವಿನಲ್ಲಿವೆ: 9, 10, 12, 13 ಮತ್ತು 15ಎ. ಇವು ಶಾತವಾಹನರ ಕಾಲದವು, ಕ್ರಿಸ್ತಪೂರ್ವದವು. ಉಳಿದವು ಬಹುತೇಕ ಕ್ರಿ.ಶ. 5ನೇ ಶತಮಾನದವು, ವಾಕಾಟಕ ದೊರೆ ಹರಿಷೇಣನ ಕಾಲದ ಸುತ್ತಮುತ್ತ ಆದವು. ಅಂದರೆ ಒಂದನೇ ಗುಹೆಯಿಂದ ಶುರುಮಾಡಿದವರು ಪುಸ್ತಕದ ಕೊನೆಯ ಅಧ್ಯಾಯಗಳಲ್ಲಿ ಒಂದನ್ನು ಮೊದಲು ತೆರೆಯುತ್ತಾರೆ, ಒಂಬತ್ತು ಹತ್ತಕ್ಕೆ ಬರುವ ಹೊತ್ತಿಗೆ ಕಣ್ಣು ದಣಿದು, ಇದರಲ್ಲಿ ಬಣ್ಣ ಅಷ್ಟಾಗಿ ಉಳಿದಿಲ್ಲ ಎಂದುಕೊಂಡು ಮುಂದೆ ಹೋಗುತ್ತಾರೆ.

ಹಿಂದಿನವರು ಈ ಬದಿಯ ದಾರಿಯಲ್ಲಿ ಬರುತ್ತಿರಲಿಲ್ಲ. ಹೊಳೆಯಿಂದ ಮೇಲಕ್ಕೆ ಮೆಟ್ಟಿಲುಗಳಿದ್ದವು. 16ನೇ ಗುಹೆಯ ಕೆಳಗಿನ ಬಾಗಿಲಲ್ಲಿ ಈಗಲೂ ಎರಡು ಕಲ್ಲಾನೆಗಳಿವೆ, ಮೇಲೆ ಕೂತ ನಾಗರಾಜನಿದ್ದಾನೆ. 7ನೇ ಶತಮಾನದಲ್ಲಿ ದಖ್ಖನಿಗೆ ಬಂದ ಚೀನೀ ಯಾತ್ರಿಕ ಹ್ಯುಯೆನ್ ತ್ಸಾಂಗ್ ಬರೆದ ಗುಹಾ ಸಂಘಾರಾಮದ ವರ್ಣನೆಯಲ್ಲಿಯೂ ಬಾಗಿಲ ಬಳಿಯ ಕಲ್ಲಾನೆಗಳು ಬರುತ್ತವೆ. ಆ ವರ್ಣನೆ ಅಜಂತದ್ದೇ ಎಂದು ಬಹಳ ಜನ ವಿದ್ವಾಂಸರು ನಂಬುತ್ತಾರೆ. ಹಿಂದಿನ ಯಾತ್ರಿಕ ಅಜಂತವನ್ನು ಪ್ರವೇಶಿಸುತ್ತಿದ್ದದ್ದು ನಡುವಿನಿಂದ, ಕೆಳಗಿನಿಂದ, ನೀರಿನ ಕಡೆಯಿಂದ. ನಾವು ಪ್ರವೇಶಿಸುವುದು ಅಂಚಿನಿಂದ.

ಒಬ್ಬರೇ ಹೋಗುವುದರ ಮೊದಲ ಲಾಭ ಇಲ್ಲಿದೆ. ಸಾಲನ್ನು ಮುರಿಯಬಹುದು. ಗುಂಪಿನೊಂದಿಗೆ ಹೋದವರಿಗೆ ಈ ಅವಕಾಶವಿಲ್ಲ. ಅವರ ಬಸ್ಸು ಕಾಯುತ್ತಿರುತ್ತದೆ. ಸ್ವತಂತ್ರ ಪ್ರವಾಸಿ ಎಂದರೆ ಅಗ್ಗದ ಬಸ್ಸಿನಲ್ಲಿ ಬಂದವನು, ಬೆನ್ನಿಗೆ ಚೀಲ ಹಾಕಿದವಳು ಎಂಬ ಅರ್ಥವೇ ಈಗ ರೂಢಿಯಲ್ಲಿದೆ. ಓದಿನ ದೃಷ್ಟಿಯಿಂದ ಅದಕ್ಕೆ ಇನ್ನೊಂದು ಅರ್ಥ ಕೊಡಬಹುದು: ಯಾವುದನ್ನು ಮೊದಲು ನೋಡಬೇಕು ಎಂಬುದನ್ನು ತಾನೇ ನಿರ್ಧರಿಸುವವರು.

ಹತ್ತರಿಂದ ಶುರುಮಾಡಿದರೆ

ನಾನು ಹತ್ತನೇ ಗುಹೆಯಿಂದ ಶುರುಮಾಡಿದೆ. ಇದು ದೊಡ್ಡ ಚೈತ್ಯ, ಒಳಗೆ ಮೂರ್ತಿಯಿಲ್ಲದ ಸ್ತೂಪ. ಹೊರಮೈಯ ಮೇಲೆ ಬ್ರಾಹ್ಮಿ ಲಿಪಿಯ ಪುಟ್ಟ ಬರಹವಿದೆ: ವಾಸಿಠಿಪುತ ಕಟಹಾದಿ ಎಂಬಾತ ಈ ಮುಂಭಾಗವನ್ನು ದಾನ ಮಾಡಿದ ಎಂಬುದು ಅದರ ತಾತ್ಪರ್ಯ. ಇಡೀ ಗುಹೆಯಲ್ಲ, ಮುಂಭಾಗ ಮಾತ್ರ. ತಾಯಿಯ ಹೆಸರಿನಿಂದ ಗುರುತಿಸಿಕೊಂಡ ಒಬ್ಬ ದಾನಿ ತಾನು ಎಷ್ಟು ಕೊಟ್ಟೆನೋ ಅಷ್ಟನ್ನೇ ಬರೆಸಿದ್ದಾನೆ.

ಒಳಗಿನ ಕಂಬವೊಂದರ ಮೇಲೆ ಇನ್ನೊಂದು ಹೆಸರಿದೆ. 1819ರ ಏಪ್ರಿಲ್ 28ರಂದು ಹುಲಿ ಬೇಟೆಗೆ ಬಂದ ಜಾನ್ ಸ್ಮಿತ್ ಎಂಬ ಬ್ರಿಟಿಷ್ ಸೇನಾಧಿಕಾರಿ ಚಿತ್ರದ ಮೇಲೆಯೇ ಗೀಚಿದ ತನ್ನ ಹೆಸರು. ಅದು ಈಗ ನಮ್ಮ ಕೈಗೆ ಎಟುಕದ ಎತ್ತರದಲ್ಲಿದೆ. ಆಗ ಗುಹೆಯ ನೆಲದ ಮೇಲೆ ಮಣ್ಣುಕಲ್ಲು ತುಂಬಿಕೊಂಡಿತ್ತು, ಸ್ಮಿತ್ ಅದರ ಮೇಲೆ ನಿಂತಿದ್ದ. ಅಜಂತವನ್ನು 'ಕಂಡುಹಿಡಿದ' ಕಥೆ ಈತನಿಂದಲೇ ಶುರುವಾಗುತ್ತದೆ, ಎದುರು ಗುಡ್ಡದ ಮೇಲೆ ಆತ ನಿಂತು ನೋಡಿದನೆನ್ನುವ ಜಾಗವೂ ಪ್ರವಾಸಿ ತಾಣವಾಗಿದೆ. ಕಟಹಾದಿ ಮತ್ತು ಸ್ಮಿತ್ ಇಬ್ಬರೂ ಒಂದೇ ಗುಹೆಯಲ್ಲಿ ಹೆಸರು ಬಿಟ್ಟವರು. ಒಬ್ಬನ ಹೆಸರು ತಾನು ಕೊಟ್ಟದ್ದರ ಮೇಲಿದೆ, ಇನ್ನೊಬ್ಬನದು ತನ್ನದಲ್ಲದ್ದರ ಮೇಲೆ. ಎರಡನೆಯದನ್ನು ಎಲ್ಲರೂ ಕತ್ತೆತ್ತಿ ಹುಡುಕುತ್ತಾರೆ. ಮೊದಲನೆಯದನ್ನು ಕೇಳುವವರು ಕಡಿಮೆ.

ಈ ಗುಹೆಯ ಬಲಗೋಡೆಯ ಮೇಲೆ, ನಂತರದವರು ಗೀಚಿದ ಹೆಸರುಗಳ ಅಡಿಯಲ್ಲಿ, ಷಡ್ದಂತ ಜಾತಕದ ಚಿತ್ರವಿದೆ. ಆರು ದಂತಗಳ ಆನೆರಾಜ. ಅವನ ಇಬ್ಬರು ಹೆಂಡತಿಯರಲ್ಲಿ ಒಬ್ಬಳಿಗೆ ಮತ್ಸರ. ಅವಳು ಸತ್ತು ಕಾಶಿಯ ರಾಣಿಯಾಗಿ ಹುಟ್ಟುತ್ತಾಳೆ. ಹಳೆಯ ಹಗೆ ನೆನಪಿಟ್ಟುಕೊಂಡು ಬೇಡನೊಬ್ಬನನ್ನು ದಂತ ತರಲು ಕಳಿಸುತ್ತಾಳೆ. ಆನೆ ತಾನಾಗಿ ಕತ್ತರಿಸಲು ನೆರವಾಗುತ್ತದೆ. ದಂತ ಕಂಡ ರಾಣಿ ಎದೆಯೊಡೆದು ಸಾಯುತ್ತಾಳೆ. ಜನ್ಮಾಂತರದಲ್ಲಿ ಸಾಗುವ ಹಗೆಯ ಈ ಜಾಡು ನಮಗೆ ಹೊಸದಲ್ಲ. 'ವಡ್ಡಾರಾಧನೆ'ಯ ಕಥೆಗಳಲ್ಲಿ, ಜನ್ನನ 'ಯಶೋಧರ ಚರಿತೆ'ಯಲ್ಲಿ ನಾವು ಕಂಡ ಭವಾವಳಿಯ ಜಾಡೇ ಇದು, ಧರ್ಮ ಬೇರೆ ಅಷ್ಟೆ. ಒಂದು ವ್ಯತ್ಯಾಸವೂ ಇದೆ. ಜನ್ನನಲ್ಲಿ ಹಿಂಸೆಯ ಸಂಕಲ್ಪ ಮಾಡಿದವರೇ ಜನ್ಮ ಜನ್ಮ ತಿರುಗಿ ಫಲ ಉಣ್ಣುತ್ತಾರೆ. ಇಲ್ಲಿ ರಾಣಿ ತನ್ನ ಹಗೆ ಗೆದ್ದ ಕ್ಷಣದಲ್ಲಿಯೇ ಸೋಲುತ್ತಾಳೆ. ಹತ್ತನೇ ಗುಹೆಯ ಚಿತ್ರಕಾರ ರಾಣಿಯ ಆ ಕುಸಿತವನ್ನು ಬಿಟ್ಟಿಲ್ಲ. ಬಣ್ಣ ಮಾಸಿದ್ದರೂ ದಂತಗಳ ಎದುರು ವಾಲುವ ದೇಹ ತಿಳಿಯುತ್ತದೆ.

ಇಲ್ಲಿ ಕಥೆ ಗೋಡೆಯುದ್ದಕ್ಕೆ ಪಟ್ಟಿಯ ಹಾಗೆ ಸಾಗುತ್ತದೆ. ಐದಾರು ಶತಮಾನಗಳ ನಂತರ 17ನೇ ಗುಹೆಯಲ್ಲಿ ಕಥೆ ಹೇಳುವ ರೀತಿಯೇ ಬದಲಾಗಿದೆ. ಹತ್ತನ್ನು ಮೊದಲು ನೋಡಿರದಿದ್ದರೆ ಆ ಬದಲಾವಣೆ ಎಷ್ಟು ದೊಡ್ಡದೆಂದು ಅಂದಾಜಾಗುವುದಿಲ್ಲ.

ಗೋಡೆಯ ವ್ಯಾಕರಣ

17ನೇ ಗುಹೆಯ ಬಲಗೋಡೆಯನ್ನು ತುಂಬಿರುವುದು ಸಿಂಹಲಾವದಾನ. ಸಿಂಹಲನೆಂಬ ವರ್ತಕ ಸಂಗಡಿಗರ ಜೊತೆ ಹಡಗೇರಿ ಹೋಗುತ್ತಾನೆ. ಹಡಗು ಒಡೆದು ಒಂದು ದ್ವೀಪ ಸೇರುತ್ತಾರೆ. ಅಲ್ಲಿನ ಸುಂದರಿಯರು ನಿಜದಲ್ಲಿ ರಾಕ್ಷಸಿಯರು. ಬೋಧಿಸತ್ವನೇ ಆದ ಬಿಳಿಯ ಕುದುರೆಯ ಬೆನ್ನೇರಿ ಸಿಂಹಲ ಪಾರಾಗುತ್ತಾನೆ, ಹಿಂದಿರುಗಿ ನೋಡಿದವರು ಬಿದ್ದು ಸಾಯುತ್ತಾರೆ. ರಾಕ್ಷಸಿಯೊಬ್ಬಳು ಮಗುವನ್ನೆತ್ತಿಕೊಂಡು ಸಿಂಹಲನ ಊರಿಗೇ ಬರುತ್ತಾಳೆ, ತನ್ನನ್ನು ಗಂಡ ಬಿಟ್ಟನೆಂದು ರಾಜನಿಗೆ ದೂರುತ್ತಾಳೆ. ರಾಜ ಸಿಂಹಲನ ಎಚ್ಚರಿಕೆ ಕೇಳದೆ ಅವಳನ್ನು ಅಂತಃಪುರಕ್ಕೆ ಸೇರಿಸಿಕೊಳ್ಳುತ್ತಾನೆ. ಆ ರಾತ್ರಿ ರಾಕ್ಷಸಿಯರು ಅರಮನೆಯನ್ನೇ ತಿಂದು ಮುಗಿಸುತ್ತಾರೆ. ಜನ ಸಿಂಹಲನನ್ನು ರಾಜನನ್ನಾಗಿ ಮಾಡುತ್ತಾರೆ, ಅವನು ಸೇನೆಯೊಂದಿಗೆ ದ್ವೀಪದ ಮೇಲೆ ಏರಿಹೋಗುತ್ತಾನೆ.

ಇದನ್ನು ಓದಿಕೊಂಡು ಗೋಡೆಯ ಮುಂದೆ ನಿಂತರೆ ಮೊದಲಿಗೆ ಏನೂ ಸಿಕ್ಕುವುದಿಲ್ಲ. ಎಡದಿಂದ ಬಲಕ್ಕೆ ನೋಡಿದರೆ ಕಥೆ ಕೂಡುವುದಿಲ್ಲ. ಬಲದಿಂದ ಎಡಕ್ಕೂ ಇಲ್ಲ, ಮೇಲಿಂದ ಕೆಳಕ್ಕೂ ಇಲ್ಲ. ಘಟನೆಗಳ ನಡುವೆ ಚೌಕಟ್ಟಿಲ್ಲ. ಒಂದೇ ಸಿಂಹಲ ಹತ್ತಾರು ಕಡೆ ಇದ್ದಾನೆ. ಕಲೆಯ ಇತಿಹಾಸಕಾರ್ತಿ ವಿದ್ಯಾ ದೆಹೆಜಿಯಾ 1990ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ ಆರಂಭಿಕ ಬೌದ್ಧ ಕಲೆಯ ಕಥನ ವಿಧಾನಗಳನ್ನು ವಿಂಗಡಿಸುವಾಗ ಈ ಬಗೆಯನ್ನು ಜಾಲದ ಹಾಗಿನ ಕಥನ ಎಂದು ಕರೆದರು. ಜರ್ಮನ್ ವಿದ್ವಾಂಸ ಡೀಟರ್ ಶ್ಲಿಂಗ್‌ಲಾಫ್ ಅಜಂತದ ಚಿತ್ರಗಳನ್ನು ಒಂದೊಂದಾಗಿ ಬೌದ್ಧ ಗ್ರಂಥಗಳೊಂದಿಗೆ ಹೋಲಿಸಿ ತೋರಿಸಿದ್ದೂ ಇದೇ ದಿಕ್ಕಿನದು. ಇಲ್ಲಿ ಘಟನೆಗಳನ್ನು ಜೋಡಿಸಿರುವುದು ಕಾಲದ ಪ್ರಕಾರವಲ್ಲ, ಸ್ಥಳದ ಪ್ರಕಾರ. ಅರಮನೆಯಲ್ಲಿ ನಡೆದದ್ದೆಲ್ಲ, ಅದು ಕಥೆಯ ಮೊದಲಿನದಾಗಲಿ ಕೊನೆಯದಾಗಲಿ, ಅರಮನೆಯ ಸುತ್ತ ಬರುತ್ತದೆ. ದ್ವೀಪದಲ್ಲಿ ನಡೆದದ್ದೆಲ್ಲ ದ್ವೀಪದಲ್ಲಿ.

ಇದು ಅರ್ಥವಾದ ಮೇಲೆ ಗೋಡೆ ಬೇರೆಯಾಗಿ ಕಾಣುತ್ತದೆ. ದ್ವೀಪದ ಭಾಗದಲ್ಲಿ ಸಿಂಹಲ ಮೋಹಗೊಂಡದ್ದೂ ಅಲ್ಲೇ, ಓಡಿಹೋದದ್ದೂ ಅಲ್ಲೇ, ಗೆಲ್ಲಲು ಬಂದದ್ದೂ ಅಲ್ಲೇ. ಹೇಳುವ ಕಥೆಯಲ್ಲಿ ಈ ಮೂರು ಘಟನೆಗಳ ನಡುವೆ ವರ್ಷಗಳಿವೆ. ಗೋಡೆಯಲ್ಲಿ ಗೇಣಳತೆಯ ಅಂತರವಿದೆ. ನೆನಪು ಕೆಲಸ ಮಾಡುವುದು ಹೀಗೆಯೇ ಅಲ್ಲವೇ? ನಮ್ಮ ಹಳೆಯ ಮನೆಯನ್ನು ನೆನೆದರೆ ಅಲ್ಲಿ ಆದ ಮದುವೆ, ಸಾವು, ಜಗಳ ಎಲ್ಲ ಒಂದೇ ಪಡಸಾಲೆಯಲ್ಲಿ ಕೂಡಿಕೊಂಡು ಬರುತ್ತವೆ, ಇಸವಿಯ ಪ್ರಕಾರ ಬರುವುದಿಲ್ಲ. ಕಥನ ಎಂದರೆ ಕಾಲದಲ್ಲಿ ಜೋಡಿಸಿದ ಘಟನೆಗಳು ಎಂದು ನಮ್ಮ ಕಥನಶಾಸ್ತ್ರದ ಪುಸ್ತಕಗಳು ಹೇಳುತ್ತವೆ. ಹಾಗಿಲ್ಲದೆಯೂ ಕಥೆ ಹೇಳಬಹುದೆಂದು, ಹೇಳಿದ್ದರೆಂದು ಈ ಗೋಡೆ ತೋರಿಸುತ್ತದೆ. ಇದು ಓದುಗರ ಮೇಲೆ ಒಂದು ಷರತ್ತನ್ನೂ ಹಾಕುತ್ತದೆ: ಕಥೆ ಮೊದಲೇ ಗೊತ್ತಿರಬೇಕು. ಕೇಳಿದ ಕಥೆಯನ್ನು ಮತ್ತೆ ನೆನೆಯುವುದಕ್ಕೆ ಈ ಚಿತ್ರ. ಯಕ್ಷಗಾನಕ್ಕೆ ಹೋಗುವವರು ಕಥೆ ತಿಳಿದುಕೊಳ್ಳಲು ಹೋಗುವುದಿಲ್ಲವಲ್ಲ, ಹಾಗೆ.

ಇಂದಿನ ಪ್ರವಾಸಿಯ ಕಷ್ಟ ಇಲ್ಲಿಯೇ ಇದೆ. ನಮಗೆ ಕಥೆ ಗೊತ್ತಿಲ್ಲ. ಒಳಗೆ ಬಿಡುವುದು ಸ್ವಲ್ಪ ಹೊತ್ತಿಗೆ. ಚಿತ್ರಗಳು ಹಾಳಾಗಬಾರದೆಂದು ಬೆಳಕು ಮಂದ. ಕಣ್ಣು ಕತ್ತಲೆಗೆ ಹೊಂದಿಕೊಳ್ಳುವ ಹೊತ್ತಿಗೆ ಕಾವಲುಗಾರ ಮುಂದೆ ಹೋಗಿ ಎನ್ನುತ್ತಾನೆ. ಇದಕ್ಕೆ ಕಾವಲುಗಾರನನ್ನು ದೂರಿ ಪ್ರಯೋಜನವಿಲ್ಲ. ಇಷ್ಟು ಜನರ ಉಸಿರಿನ ತೇವ ಮಣ್ಣಿನ ಗಿಲಾವಿನ ಮೇಲಿನ ಬಣ್ಣಕ್ಕೆ ಒಳ್ಳೆಯದಲ್ಲ. ಆದರೆ ಇಂಥ ಗಡಿಬಿಡಿಯಲ್ಲಿ ಕಥೆಯ ಜಾಗವನ್ನು ಹೆಸರು ತುಂಬಿಕೊಳ್ಳುತ್ತದೆ. ನೋಡಿ, ಇದು ಪದ್ಮಪಾಣಿ. ಇದು ಕಪ್ಪು ರಾಜಕುಮಾರಿ. ಇದು ಸಾಯುತ್ತಿರುವ ರಾಜಕುಮಾರಿ. ಫೋಟೋ ತೆಗೆದಿರಾ? ಮುಂದೆ ನಡೆಯಿರಿ.

ಸಾಯದ ರಾಜಕುಮಾರಿ

16ನೇ ಗುಹೆಯ ಆ 'ಸಾಯುತ್ತಿರುವ ರಾಜಕುಮಾರಿ'ಯನ್ನೇ ತೆಗೆದುಕೊಳ್ಳೋಣ. ಬಳಲಿ ಒರಗಿದ ಹೆಣ್ಣು, ಹಿಡಿದು ನಿಂತ ಸಖಿಯರು. 1872ರಿಂದ ಬಾಂಬೆಯ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳೊಂದಿಗೆ ಅಜಂತದ ಪ್ರತಿಗಳನ್ನು ಮಾಡಿಸಿದ ಜಾನ್ ಗ್ರಿಫಿತ್ಸ್ ಈ ಚಿತ್ರವನ್ನು ಬಹಳವಾಗಿ ಮೆಚ್ಚಿದ. ಅಲ್ಲಿಂದ ಮುಂದೆ ಅವಳು ಎಲ್ಲ ಪುಸ್ತಕಗಳಲ್ಲೂ ಸಾಯುತ್ತಲೇ ಇದ್ದಾಳೆ.

ಆಕೆ ಸಾಯುತ್ತಿಲ್ಲ. ಸ್ವಲ್ಪ ಆಚೆ ನೋಡಿದರೆ ಕೈಯಲ್ಲಿ ಕಿರೀಟ ಹಿಡಿದು ತಲೆಬಾಗಿ ನಿಂತ ಸೇವಕನಿದ್ದಾನೆ. ಅದು ಬುದ್ಧನ ತಮ್ಮ ನಂದನ ಕಿರೀಟ. ಆಕೆ ನಂದನ ಹೆಂಡತಿ ಸುಂದರಿ. ಗಂಡ ತಲೆ ಬೋಳಿಸಿಕೊಂಡು ಭಿಕ್ಷುವಾದ ಸುದ್ದಿಯನ್ನು ಕಿರೀಟ ಹೇಳುತ್ತಿದೆ. ಅಶ್ವಘೋಷನ 'ಸೌಂದರನಂದ' ಓದಿದವರಿಗೆ ಈ ಕಥೆಯ ಹಿಂದಿನ ಭಾಗ ಗೊತ್ತಿರುತ್ತದೆ: ಸುಂದರಿಯ ಹಣೆಯ ಪ್ರಸಾಧನದ ಹಸಿ ಆರುವ ಮುನ್ನ ಬರುತ್ತೇನೆಂದು ಹೊರಟ ನಂದನ ಕೈಗೆ ಬುದ್ಧ ತನ್ನ ಭಿಕ್ಷಾಪಾತ್ರೆ ಕೊಡುತ್ತಾನೆ, ಪಾತ್ರೆ ಹಿಡಿದುಕೊಂಡೇ ಹಿಂದೆ ಹೋದ ನಂದ ಮರಳಿ ಬರುವುದಿಲ್ಲ.

ಇದು ಹೆಸರಿನ ತಿದ್ದುಪಡಿ ಮಾತ್ರವಾಗಿದ್ದರೆ ಅಷ್ಟು ಮುಖ್ಯವಾಗುತ್ತಿರಲಿಲ್ಲ. ಸಾಯುತ್ತಿರುವ ಅನಾಮಿಕ ರಾಜಕುಮಾರಿ ನಮ್ಮಿಂದ ಕೇಳುವುದು ಕರುಣೆಯನ್ನು. ಸುಂದರಿ ಕೇಳುವುದು ಪ್ರಶ್ನೆಯನ್ನು: ಒಬ್ಬನ ಬಿಡುಗಡೆಯ ಬೆಲೆಯನ್ನು ಕೊಡುವವರು ಯಾರು? ಬೌದ್ಧ ವಿಹಾರದ ಒಳಗೆ, ಮನೆ ಬಿಟ್ಟು ಬಂದ ಭಿಕ್ಷುಗಳು ವಾಸಿಸುವ ಕೋಣೆಗಳ ನಡುವಿನ ಗೋಡೆಯಲ್ಲಿ, ಬಿಟ್ಟುಬಂದವರ ಸಂಕಟವನ್ನು ಇಷ್ಟು ದೊಡ್ಡದಾಗಿ ಬರೆದಿದ್ದಾರೆ. ಆ ಭಿಕ್ಷುಗಳಲ್ಲಿ ಎಷ್ಟು ಜನರ ಊರಲ್ಲಿ ಒಬ್ಬ ಸುಂದರಿ ಇದ್ದಿರಬಹುದು? 17ನೇ ಗುಹೆಯಲ್ಲಿ ವಿಶ್ವಂತರ ತನ್ನ ಮಕ್ಕಳನ್ನು ಬ್ರಾಹ್ಮಣನಿಗೆ ದಾನ ಕೊಡುವ ಕಥೆಯೂ ಇದೆ. ದಾನದ ಮಹಿಮೆಯನ್ನು ಹೇಳಲು ಬರೆಸಿದ ಚಿತ್ರವೇ ಹೌದು. ಆದರೂ ಚಿತ್ರಕಾರರು ಮಾದ್ರಿಯ ಮುಖವನ್ನು ನಮ್ಮ ಕಣ್ಣಿನಿಂದ ಮರೆಮಾಡಿಲ್ಲ. ಈ ಗೋಡೆಗಳು ತ್ಯಾಗವನ್ನು ಹೊಗಳುತ್ತಲೇ ಅದರ ಲೆಕ್ಕವನ್ನೂ ಇಟ್ಟಿವೆ. ಹೆಸರಿನ ಚೀಟಿ ಅಂಟಿಸಿದ ಕೂಡಲೇ ಆ ಲೆಕ್ಕ ಮುಚ್ಚಿಹೋಗುತ್ತದೆ.

ಪುಲಕೇಶಿಯ ದರಬಾರು

ಈಗ ಕನ್ನಡಿಗರಿಗೆ ಹತ್ತಿರದ ಒಂದು ಚೀಟಿಯ ವಿಷಯ. ಒಂದನೇ ಗುಹೆಯ ಒಳಗಡೆ ಮುಂಗೋಡೆಯ ಮೇಲೆ ಒಂದು ದರಬಾರಿನ ಚಿತ್ರವಿದೆ. ನಡುವೆ ರಾಜ, ಎದುರಿಗೆ ಗಡ್ಡಬಿಟ್ಟು ಚೂಪು ಟೋಪಿ ಹಾಕಿದ ಪರದೇಶಿಗಳು ಕಾಣಿಕೆ ತಂದಿದ್ದಾರೆ. ಇಮ್ಮಡಿ ಪುಲಕೇಶಿ ಪರ್ಷಿಯಾದ ದೊರೆ ಎರಡನೇ ಖುಸ್ರುವಿನ ರಾಯಭಾರಿಗಳನ್ನು ಬರಮಾಡಿಕೊಳ್ಳುತ್ತಿರುವ ದೃಶ್ಯ ಇದು ಎಂದು ನಮ್ಮಲ್ಲಿ ಹೇಳುತ್ತಾ ಬಂದಿದ್ದಾರೆ. ಚಾಲುಕ್ಯರ ಹಿರಿಮೆಯನ್ನು ವಿವರಿಸುವ ಬರಹಗಳಲ್ಲಿ, ಭಾಷಣಗಳಲ್ಲಿ ಈ ಚಿತ್ರ ಸಾಕ್ಷಿಯಾಗಿ ಬರುತ್ತದೆ.

ಈ ವ್ಯಾಖ್ಯಾನಕ್ಕೆ ಒಂದು ಹುಟ್ಟಿದ ದಿನವಿದೆ. 1879ರಲ್ಲಿ ಜೇಮ್ಸ್ ಫರ್ಗುಸನ್ ಇದನ್ನು ಮಂಡಿಸಿದ. ಅರಬ್ ಇತಿಹಾಸಕಾರ ತಬರಿಯ ಕೃತಿಯಲ್ಲಿ ಭಾರತದ ದೊರೆಯೊಬ್ಬ ಖುಸ್ರುವಿಗೆ ಪತ್ರ ಕಳಿಸಿದ ಪ್ರಸಂಗವಿದೆ. ಆ ದೊರೆ ಪುಲಕೇಶಿ ಎಂದು ಗುರುತಿಸಿದರು. ಗೋಡೆಯಲ್ಲಿ ಪರದೇಶಿಗಳಿದ್ದರು. ಎರಡನ್ನೂ ಫರ್ಗುಸನ್ ಕೂಡಿಸಿದ. ಅದೇ ಗುಹೆಯ ಚಾವಣಿಯಲ್ಲಿ ಮದ್ಯದ ಬಟ್ಟಲು ಹಿಡಿದು ಕೂತ ಪರದೇಶಿ ಗಂಡುಹೆಣ್ಣನ್ನು ಖುಸ್ರು ಮತ್ತು ಶಿರೀನ್ ಎಂದೂ ಹೇಳಿದ.

ಈಗ ಹೆಚ್ಚಿನ ವಿದ್ವಾಂಸರು ಇದನ್ನು ಒಪ್ಪುವುದಿಲ್ಲ. ಒಂದನೇ ಗುಹೆ 5ನೇ ಶತಮಾನದ್ದು ಎಂಬುದು ಇಂದಿನ ಸಾಮಾನ್ಯ ಅಭಿಪ್ರಾಯ. ಪುಲಕೇಶಿ ಪಟ್ಟಕ್ಕೆ ಬಂದದ್ದು ಸುಮಾರು 610ರಲ್ಲಿ. ಚಿತ್ರದ ಕಾಲಕ್ಕೆ ಅವನು ಹುಟ್ಟಿರಲೇ ಇಲ್ಲ. ಸುತ್ತಲಿನ ಗೋಡೆಗಳಲ್ಲಿ ಬೌದ್ಧ ಕಥೆಗಳೇ ಇರುವಾಗ ಇದೊಂದು ಮಾತ್ರ ರಾಜಕೀಯ ದಾಖಲೆಯಾಗಿರುವುದೂ ಅನುಮಾನದ ಸಂಗತಿ. ಶ್ಲಿಂಗ್‌ಲಾಫ್ ಇದನ್ನು ಮಹಾಸುದರ್ಶನ ಎಂಬ ಚಕ್ರವರ್ತಿಯ ಕಥೆ ಎಂದು ಗುರುತಿಸಿದರು. ಬುದ್ಧನೇ ಹಿಂದಿನ ಜನ್ಮದಲ್ಲಿ ಆ ಚಕ್ರವರ್ತಿಯಾಗಿದ್ದ.

ನಾನು ಆ ಗೋಡೆಯ ಮುಂದೆ ನಿಂತಿದ್ದಾಗ ಪಕ್ಕದಲ್ಲಿ ಒಂದು ಗುಂಪಿಗೆ ಗೈಡ್ ಪರ್ಷಿಯನ್ ರಾಯಭಾರಿಗಳ ಕಥೆಯನ್ನು ಹಿಂದಿಯಲ್ಲಿ ಹೇಳುತ್ತಿದ್ದರು. ಒಳ್ಳೆಯ ಕಂಠ, ಒಳ್ಳೆಯ ನಿರೂಪಣೆ. ಗುಂಪಿನಲ್ಲಿ ಕನ್ನಡ ಮಾತಾಡುವ ಒಂದು ಕುಟುಂಬವೂ ಇತ್ತು. ಪುಲಕೇಶಿಯ ಹೆಸರು ಬಂದ ಕೂಡಲೇ ತಂದೆ ಮಗಳ ಭುಜ ಮುಟ್ಟಿ, ನಮ್ಮ ಬಾದಾಮಿಯವನು, ಎಂದರು. ಹುಡುಗಿ ಅಲ್ಲಿಯವರೆಗೆ ಬೇಸರದಲ್ಲಿದ್ದವಳು ಚಿತ್ರವನ್ನು ಮೊದಲ ಸಲ ಎಂಬಂತೆ ನೋಡಿದಳು.

ಈ ಘಟನೆಯನ್ನು ಹೇಗೆ ತೂಗಬೇಕು? ಆ ತಂದೆ ಹೇಳಿದ್ದು ಇತಿಹಾಸವಾಗಿ ನಿಲ್ಲುವುದಿಲ್ಲ. ಆದರೆ ಆ ಹುಡುಗಿ ಚಿತ್ರವನ್ನು ನೋಡಿದ್ದು ಆ ಮಾತಿನಿಂದ. ವ್ಯಾಖ್ಯಾನ ತಪ್ಪಾಗಿದ್ದೂ ಕಣ್ಣು ತೆರೆಸಬಹುದು ಎಂಬುದನ್ನು ಸಾಹಿತ್ಯದವರು ಸುಲಭವಾಗಿ ಒಪ್ಪುತ್ತೇವೆ. ನನ್ನ ತಕರಾರು ಮುಂದಿನ ಹೆಜ್ಜೆಯ ಬಗ್ಗೆ. ಪುಲಕೇಶಿ ಸಿಕ್ಕಿದ ಮೇಲೆ ನೋಡುವುದು ನಿಂತುಹೋಗುತ್ತದೆ. 'ನಮ್ಮವನು' ಎಂದ ಕೂಡಲೇ ಚಿತ್ರದ ಕೆಲಸ ಮುಗಿಯಿತು. ಆ ಪರದೇಶಿಗಳು ಯಾರು, ಅವರ ಉಡುಪನ್ನು ಇಷ್ಟು ಖಚಿತವಾಗಿ ಬರೆಯಲು ಚಿತ್ರಕಾರ ಅವರನ್ನು ಎಲ್ಲಿ ಕಂಡಿರಬಹುದು ಎಂದು ಕೇಳುವುದಿಲ್ಲ. ಅಜಂತದ ಹೆಚ್ಚಿನ ಬಣ್ಣಗಳು ಸುಲಭವಾಗಿ ಸಿಗುವ ಕಾವಿ, ಹಳದಿ ಮಣ್ಣು, ಕಾಡಿಗೆ, ಸುಣ್ಣಗಳಿಂದ ಆದವು. ನೀಲಿಯೊಂದು ಮಾತ್ರ ದೂರದ್ದು: ಈಗಿನ ಅಫ್ಘಾನಿಸ್ತಾನದ ಬದಖ್ಶಾನದ ಗಣಿಗಳ ಲಾಜವರ್ದ ಕಲ್ಲಿನಿಂದ ಬಂದದ್ದು. ಒಬ್ಬ ದೊರೆಯ ಒಂದು ದಿನದ ದರಬಾರಿಗಿಂತ ಎಷ್ಟೋ ದೊಡ್ಡ ಸಂಬಂಧ ಆ ನೀಲಿಯಲ್ಲಿದೆ. ವರ್ತಕರು, ದಾರಿಗಳು, ಸಾಲ, ದಾನ, ಭಿಕ್ಷುಗಳು ಎಲ್ಲ ಅದರಲ್ಲಿ ಸೇರಿಕೊಂಡಿದ್ದಾರೆ.

ಪುಲಕೇಶಿಗೆ ಈ ಗೋಡೆಯ ಅಗತ್ಯವಿಲ್ಲ ಎಂಬುದನ್ನೂ ಹೇಳಬೇಕು. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿಯ ಪದ್ಯಗಳಿವೆ. ಹ್ಯುಯೆನ್ ತ್ಸಾಂಗನ ವರ್ಣನೆಯಿದೆ. ಬಾದಾಮಿಯ ಬಂಡೆಗಳಿವೆ. ಹಿರಿಮೆಗೆ ಇಷ್ಟೊಂದು ಆಧಾರ ಇರುವವನಿಗೆ ಎರವಲು ಸಾಕ್ಷಿ ಹೊಂದಿಸುವುದು ಅವನ ಮೇಲಿನ ಗೌರವವೂ ಅಲ್ಲ. ಯಾವ ಚಿತ್ರ ಕಂಡರೂ ನಮ್ಮ ದೊರೆಯನ್ನೇ ಹುಡುಕುವ ಅಭ್ಯಾಸ ಈಗ ದೇಶದ ಎಲ್ಲ ಭಾಷೆಗಳಲ್ಲೂ ಬೆಳೆಯುತ್ತಿದೆ. ಅದಕ್ಕೆ ವಿಮರ್ಶೆಯ ಉತ್ತರ ನಮ್ಮ ಮನೆಯಿಂದಲೇ ಶುರುವಾಗಬೇಕು.

ಪತ್ತೇದಾರನ ಓದು

ಅಜಂತದ ಬಗ್ಗೆ ಬರೆಯುವವರು ವಾಲ್ಟರ್ ಸ್ಪಿಂಕ್ ಹೆಸರನ್ನು ದಾಟಿ ಹೋಗಲಾರರು. 2019ರಲ್ಲಿ ತೀರಿಕೊಂಡ ಈ ಅಮೆರಿಕನ್ ವಿದ್ವಾಂಸ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅಜಂತವನ್ನೇ ಓದಿದರು. 5ನೇ ಶತಮಾನದ ಇಡೀ ಅಜಂತ ಎರಡು ದಶಕಗಳ ಒಳಗೆ, ಸುಮಾರು 460ರಿಂದ 480ರ ನಡುವೆ, ಆದದ್ದು ಎಂಬುದು ಅವರ ವಾದ. ಅದಕ್ಕಾಗಿ ಅವರು ನೋಡಿದ್ದು ಪದ್ಮಪಾಣಿಯ ಕಣ್ಣುಗಳನ್ನಲ್ಲ. ಬಾಗಿಲಿನ ತಿರುಗಣೆ ಕುಳಿಗಳು, ಸವೆತ, ಅರ್ಧಕ್ಕೆ ನಿಂತ ಗಿಲಾವು. ಈ ಬಗೆಯ ಓದಿನಿಂದ ಕಲಿಯುವುದು ಬಹಳ ಇದೆ.

ಅದನ್ನು ಕಲಿಯಲು ಒಳ್ಳೆಯ ಜಾಗ 24ನೇ ಗುಹೆ. ಅದು ಮುಗಿದಿಲ್ಲ. ಚಿತ್ರವಿಲ್ಲ, ಗೈಡ್‌ಗಳೂ ನಿಲ್ಲುವುದಿಲ್ಲ. ಮುಗಿದಿದ್ದರೆ ನಾಲ್ಕನೆಯದರ ನಂತರ ಅಜಂತದ ಅತಿ ದೊಡ್ಡ ವಿಹಾರವಾಗುತ್ತಿತ್ತು. ಒಳಗೆ ಹೋದರೆ ಬಂಡೆಯಿಂದ ಅರ್ಧ ಎದ್ದ ಕಂಬಗಳು, ಉಳಿಯ ಗುರುತುಗಳು. ಮೇಲಿನಿಂದ ಕೆಳಕ್ಕೆ ಕೊರೆಯುತ್ತಿದ್ದರು, ಚಾವಣಿ ಮೊದಲು, ನೆಲ ಕೊನೆಗೆ ಎಂಬುದು ಪುಸ್ತಕವಿಲ್ಲದೆ ತಿಳಿಯುತ್ತದೆ. ದಾನಿಗಳ ಹೆಸರುಗಳನ್ನೆಲ್ಲ ಓದಿದ ಮೇಲೆ, ಹೆಸರಿಲ್ಲದ ಕೆಲಸಗಾರರು ಕೈಬಿಟ್ಟು ಹೋದ ಜಾಗದಲ್ಲಿ ಹತ್ತು ನಿಮಿಷ ಕೂತಿರುವುದು ಒಳ್ಳೆಯದು.

ಸ್ಪಿಂಕ್ ಅವರ ಓದಿಗೆ ಇನ್ನೊಂದು ಮುಖವಿದೆ, ಅದು ಸಾಹಿತ್ಯದವರ ಕೆಲಸಕ್ಕೆ ತಾಗುತ್ತದೆ. ಹರಿಷೇಣನ ನಂತರ ವಾಕಾಟಕ ರಾಜ್ಯ ಕುಸಿದ ಬಗೆಯನ್ನು ಕಟ್ಟಲು ಅವರು ದಂಡಿಯ 'ದಶಕುಮಾರಚರಿತ'ದ ವಿಶ್ರುತನ ಕಥೆಯನ್ನು ಆಧಾರವಾಗಿ ತೆಗೆದುಕೊಂಡರು. ಅಲ್ಲಿ ವಿದರ್ಭದ ಒಳ್ಳೆಯ ರಾಜ, ಅವನ ಸಡಿಲ ಮಗ, ಸಂಚು ಹೂಡುವ ಅಶ್ಮಕ ರಾಜ ಬರುತ್ತಾರೆ. ಮಿರಾಶಿಯವರೂ ಈ ಕಥೆಯಲ್ಲಿ ಇತಿಹಾಸದ ನೆನಪು ಕಂಡಿದ್ದರು. ದಂಡಿ ಬರೆದದ್ದು ಸುಮಾರು ಎರಡು ಶತಮಾನಗಳ ನಂತರ, ಪಲ್ಲವರ ಕಂಚಿಯಲ್ಲಿ. 'ಕಾವ್ಯಾದರ್ಶ'ದ ದಂಡಿಯನ್ನು 'ಕವಿರಾಜಮಾರ್ಗ'ದ ಮೂಲಕ ಬಲ್ಲ ನಮಗೆ ಅವನು ಎಷ್ಟು ಎಚ್ಚರದ ಕಲೆಗಾರ ಎಂಬುದು ಗೊತ್ತು. ಅವನ ಕಥೆಯನ್ನು ಕಾಲಗಣನೆಯ ಗೂಟವಾಗಿ ನೆಡುವುದಕ್ಕೆ ನನಗೆ ಹಿಂಜರಿಕೆಯಿದೆ. ಹನ್ಸ್ ಬಕ್ಕರ್ ಮೊದಲಾದವರು ಸ್ಪಿಂಕ್ ಅವರ ಇಷ್ಟು ಬಿಗಿಯಾದ ಕಾಲಗಣನೆಯನ್ನು ಪ್ರಶ್ನಿಸಿದ್ದಾರೆ. ದಾನಶಾಸನವೇ ಇಲ್ಲದ ಒಂದನೇ ಗುಹೆಯನ್ನು ಹರಿಷೇಣನ ಸ್ವಂತ ಕೊಡುಗೆ ಎಂದು ಸ್ಪಿಂಕ್ ಹೇಳುತ್ತಾರೆ. ಫರ್ಗುಸನ್ ಅದೇ ಗುಹೆಯಲ್ಲಿ ಪುಲಕೇಶಿಯನ್ನು ಕೂರಿಸಿದ್ದ. ಸ್ಪಿಂಕ್ ಅವರ ಆಧಾರಗಳು ಎಷ್ಟೋ ಗಟ್ಟಿ, ಆದರೂ ಖಾಲಿ ಸಿಂಹಾಸನವನ್ನು ಖಾಲಿಯಾಗಿ ಬಿಡಲು ಯಾರಿಗೂ ಮನಸ್ಸಾಗುವುದಿಲ್ಲ.

ಹೆಸರಿದ್ದೂ ಓದದ ಸಾಲುಗಳು

ವಿಚಿತ್ರವೆಂದರೆ, ಇಲ್ಲದ ಹೆಸರುಗಳನ್ನು ಹುಡುಕುವ ನಾವು ಇರುವ ಬರಹಗಳನ್ನು ಓದುವುದಿಲ್ಲ. 16ನೇ ಗುಹೆಯನ್ನು ಕೊಟ್ಟವನು ಹರಿಷೇಣನ ಮಂತ್ರಿ ವರಾಹದೇವ. ಅವನ ಶಾಸನ ಅಲ್ಲಿಯೇ ಇದೆ. 26ನೆಯದನ್ನು ಮಾಡಿಸಿದವನು ಬುದ್ಧಭದ್ರ ಎಂಬ ಭಿಕ್ಷು, ಅಶ್ಮಕ ರಾಜನ ಮಂತ್ರಿಯಾಗಿದ್ದ ತನ್ನ ಗೆಳೆಯ ಭವ್ವಿರಾಜನ ನೆನಪಿನಲ್ಲಿ. ಲೋಕದಲ್ಲಿ ನೆನಪು ಉಳಿಯುವಷ್ಟು ಕಾಲ ಮನುಷ್ಯ ಸ್ವರ್ಗದಲ್ಲಿ ಸುಖವಾಗಿರುತ್ತಾನೆ, ಆದ್ದರಿಂದ ಬೆಟ್ಟದಲ್ಲಿ ಚಂದ್ರ ಸೂರ್ಯರಿರುವ ತನಕ ನಿಲ್ಲುವ ಕೀರ್ತಿಯನ್ನು ಕಟ್ಟಬೇಕು ಎಂಬ ಭಾವ ಅವನ ಶಾಸನದಲ್ಲಿದೆ. ಎಲ್ಲವೂ ಅನಿತ್ಯ ಎಂದು ಸಾರುವ ಧರ್ಮದ ಭಿಕ್ಷು ಬರೆಸಿದ ಮಾತು ಇದು.

17ನೇ ಗುಹೆಯ ಹೊರಗೋಡೆಯ ಶಾಸನ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿತು. ದಾನಿ ಹರಿಷೇಣನ ಅಧೀನದ ಒಬ್ಬ ಸಣ್ಣ ರಾಜ. ಅವನ ಹೆಸರಿರುವ ಕಡೆ ಕಲ್ಲು ಹಾಳಾಗಿದೆ. ಉಪೇಂದ್ರಗುಪ್ತ ಎಂದು ಊಹಿಸಿದ್ದಾರೆ. ಅವನ ತಮ್ಮನ ಹೆಸರು ಉಳಿದಿದೆ: ರವಿಸಾಂಬ. ಅಣ್ಣತಮ್ಮ ಕೂಡಿ ಗೆದ್ದರು, ಕೂಡಿ ಬಾಳಿದರು. ಆಮೇಲೆ ತಮ್ಮನ ಮೇಲೆ ಅನಿತ್ಯತೆ ಸಿಡಿಲಿನಂತೆ ಬಿತ್ತು. ಅಣ್ಣ ಪುಣ್ಯದ ಕಡೆ ಮನಸ್ಸು ತಿರುಗಿಸಿ ಒಂದೇ ಕಲ್ಲಿನ ಈ ಮಂಟಪವನ್ನು ಮಾಡಿಸಿದ. ಸಿಂಹಲನ ಹಡಗು, ವಿಶ್ವಂತರನ ಮಕ್ಕಳು, ಷಡ್ದಂತನ ದಂತಗಳು ಎಲ್ಲ ಇರುವ ಅಜಂತದ ಅತ್ಯಂತ ಸಮೃದ್ಧ ಗೋಡೆಗಳು ತಮ್ಮನನ್ನು ಕಳೆದುಕೊಂಡ ಒಬ್ಬನ ದುಃಖದಿಂದ ಎದ್ದವು. ಇದು ತಿಳಿದ ಮೇಲೆ ಒಳಗಿನ ಕಥೆಗಳನ್ನು ಮತ್ತೊಮ್ಮೆ ನೋಡಿ. ಕೊಟ್ಟವರು, ಕಳೆದುಕೊಂಡವರು, ಹಿಂದಿರುಗಿ ಬಾರದವರು. ಆಯ್ಕೆ ಆಕಸ್ಮಿಕ ಎನಿಸುವುದಿಲ್ಲ. ಇದು ನನ್ನ ಓದು ಮಾತ್ರ, ಶಾಸನ ಇಷ್ಟನ್ನು ಹೇಳುವುದಿಲ್ಲ.

ಅಜಂತವನ್ನು ಪ್ರತಿ ಮಾಡಿ ಉಳಿಸಲು ಹೊರಟವರ ಕಥೆಯೂ ಕಳೆದುಕೊಂಡವರ ಕಥೆಯೇ. ರಾಬರ್ಟ್ ಗಿಲ್ 1840ರ ದಶಕದಿಂದ ವರ್ಷಗಟ್ಟಲೆ ಕೂತು ಮಾಡಿದ ಪ್ರತಿಗಳಲ್ಲಿ ಹೆಚ್ಚಿನವು 1866ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಬೆಂಕಿಯಲ್ಲಿ ಹೋದವು. ಗ್ರಿಫಿತ್ಸ್ ತಂಡದ ಪ್ರತಿಗಳಲ್ಲಿ ಎಷ್ಟೋ 1885ರ ಸೌತ್ ಕೆನ್ಸಿಂಗ್ಟನ್ ಬೆಂಕಿಯಲ್ಲಿ. ನಿಜಾಮರ ಕಾಲದಲ್ಲಿ ಇಟಲಿಯಿಂದ ಕರೆಸಿದ ತಜ್ಞರು ಬಣ್ಣ ಉದುರದಂತೆ ಹಿಡಿದರು, ಆದರೆ ಅವರು ಬಳಿದ ಅರಗಿನ ಲೇಪ ಕಾಲಕ್ರಮದಲ್ಲಿ ಕಂದಿ ಚಿತ್ರಗಳನ್ನು ಹಳದಿಯಾಗಿಸಿತು. ನಾವು ಮಾಡುವ ವ್ಯಾಖ್ಯಾನಗಳೂ ಇಂಥ ಲೇಪಗಳೇ. ಇಲ್ಲದಿದ್ದರೆ ಚಿತ್ರ ಉದುರುತ್ತದೆ, ಹೆಚ್ಚಾದರೆ ಕಾಣುವುದಿಲ್ಲ.

ಹೋಗುವವರಿಗೆ ಒಂದೆರಡು ಮಾತು. ಎರಡು ದಿನ ಇಟ್ಟುಕೊಳ್ಳಿ. ಜಾತಕ ಕಥೆಗಳನ್ನು ಓದಿಕೊಂಡು ಹೋಗಿ. ಪಾಲಿಯ ಸಾಹಿತ್ಯವನ್ನು ಕನ್ನಡಕ್ಕೆ ತಂದ ಜಿ.ಪಿ. ರಾಜರತ್ನಂ ಅವರಂಥವರ ಶ್ರಮ ನಮ್ಮಲ್ಲಿದೆ. ಹತ್ತರಿಂದ ಶುರುಮಾಡಿ, 24ರಲ್ಲಿ ಕೂತು, 16 ಮತ್ತು 17ಕ್ಕೆ ಬನ್ನಿ. ಒಂದನೆಯದನ್ನು ಕೊನೆಗೆ ಇಟ್ಟುಕೊಳ್ಳಿ. ಗೈಡ್ ಸಿಕ್ಕರೆ ಅವರ ಕಥೆಯನ್ನೂ ಕೇಳಿ, ಅವರೂ ಒಂದು ಪರಂಪರೆಯ ನಿರೂಪಕರೇ. ಗುಂಪು ಮುಂದೆ ಹೋದ ಮೇಲೆ ಇನ್ನೊಂದು ಸಲ ಒಳಗೆ ಹೋಗಿ. ಮಕ್ಕಳನ್ನು ಕರೆದುಕೊಂಡು ಹೋದರೆ ಪುಲಕೇಶಿಯ ಹೆಸರು ಹೇಳಲೇಬಾರದೆಂದಿಲ್ಲ. ಹೀಗೆಂದು ಒಂದು ಕಾಲದಲ್ಲಿ ನಂಬಿದ್ದರು, ಯಾಕೆ ನಂಬಿದ್ದರು, ಈಗ ಯಾಕೆ ನಂಬುವುದಿಲ್ಲ ಎಂಬುದನ್ನು ಸೇರಿಸಿ ಹೇಳಿದರೆ ಆಯಿತು. ಆಮೇಲೆ ಆ ಚೂಪು ಟೋಪಿಯವರು ಏನು ತಂದಿರಬಹುದೆಂದು ಅವರನ್ನೇ ಕೇಳಿ.